ಗಡಚಿರೋಲಿಯ ಸೂಜಿ, ಜತ್ತದ ಮಾತು: ಎಳೆಗೂಸಿನ ನಂಜಿಗೆ ಮನೆಯಲ್ಲೇ ಮದ್ದು ಕೊಟ್ಟ ಚರಿತ್ರೆ

ನಾನು ಜತ್ತ ತಾಲೂಕಿನವಳು. ಈ ಗೋಷ್ಠಿಯಲ್ಲಿ ಶಾಸನ, ಶಾಲೆ, ಗಡಿರೇಖೆ ಎಲ್ಲ ಬಂದು ಹೋದವು. ನಾನು ತಿಂಗಳು ತುಂಬದ ಕೂಸಿನ ಮಾತು ಎತ್ತಿಕೊಂಡಿದ್ದೇನೆ.

ನಮ್ಮ ಆಯಿಗೆ ಆರು ಹೆರಿಗೆ, ಉಳಿದವರು ನಾಲ್ವರು. ಎರಡನೆಯ ಕೂಸು ಹನ್ನೊಂದನೆಯ ದಿನ ಹೋಯಿತು. "ಮಲಿ ಬಿಡ್ತು, ಅಳೂ ದನಿ ಇಳೀತು, ಕೈಕಾಲು ತಣ್ಣಗಾಗಿ ಜೋತು ಬಿದ್ದು" ಅಂತ ಆಯಿ ಇವತ್ತಿಗೂ ಅದೇ ಕ್ರಮದಲ್ಲಿ ಹೇಳ್ತಾಳೆ. ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿದರು. ಸಂಜೆಗೆ ಮುಗಿಯಿತು. ಇದನ್ನು ನಾನು ದುಃಖದ ಮಾತು ಅಂತಷ್ಟೇ ಕೇಳಿಕೊಂಡು ಬಂದಿದ್ದೆ. ಗಡಚಿರೋಲಿಯ ಅಧ್ಯಯನ ಓದಿದ ಮೇಲೆ ಗೊತ್ತಾಯಿತು, ಆಯಿ ಹೇಳುತ್ತಿದ್ದದ್ದು ರೋಗಲಕ್ಷಣಗಳ ಪಟ್ಟಿ.

ಗಡಚಿರೋಲಿ ನಮ್ಮದೇ ಮಹಾರಾಷ್ಟ್ರದ್ದು, ಆದರೆ ನಾವು ಒಂದು ಅಂಚು, ಅವರು ಇನ್ನೊಂದು ಅಂಚು. ಕಾಡು, ಗೋಂಡಿ ಮಾತು, ಪಕ್ಕದಲ್ಲಿ ತೆಲಂಗಾಣ ಮತ್ತು ಛತ್ತೀಸಗಡ. ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1986ರಲ್ಲಿ ಅಲ್ಲಿ 'ಸರ್ಚ್' ಸಂಸ್ಥೆ ಕಟ್ಟಿದರು. ಮೊದಲು ಮಕ್ಕಳ ನ್ಯುಮೋನಿಯಾದ ಕೆಲಸ, ಆಮೇಲೆ ಎಳೆಗೂಸುಗಳದ್ದು. 1995-96ರಲ್ಲಿ 39 ಹಳ್ಳಿಗಳಲ್ಲಿ 763 ಕೂಸುಗಳನ್ನು ಹುಟ್ಟಿದಾಗಿನಿಂದ 28 ದಿನ ಮನೆಮನೆಗೆ ಹೋಗಿ ನೋಡಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ, ಶೇ. 54ಕ್ಕೆ, ಆರೈಕೆ ಬೇಕಿತ್ತು. ಡಾಕ್ಟರೋ ನರ್ಸೋ ನೋಡಿದ್ದು ಶೇ. 2.6 ಮಾತ್ರ, ಆಸ್ಪತ್ರೆ ಸೇರಿದ್ದು ಶೇ. 0.4. ಒಟ್ಟು 40 ಕೂಸುಗಳು ಸತ್ತವು.

ಈ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ನಂಜಿಗೆ ಆಸ್ಪತ್ರೆಯಲ್ಲೇ ಚಿಕಿತ್ಸೆ, ಏಳರಿಂದ ಹತ್ತು ದಿನ ಇಂಜೆಕ್ಷನ್ ಅನ್ನುವುದು ಆಗಿನ ವೈದ್ಯಕೀಯ ನಿಯಮ. ಔಷಧದ ದೃಷ್ಟಿಯಿಂದ ತಪ್ಪೇನಿಲ್ಲ. ಆದರೆ ಬಾಣಂತಿ ಹೊಸ್ತಿಲು ದಾಟದ, ಮಳೆಗಾಲದಲ್ಲಿ ಬಸ್ಸು ಬಾರದ ಊರಿಗೆ ಆ ನಿಯಮದ ಅರ್ಥ ಒಂದೇ: ಚಿಕಿತ್ಸೆ ಇಲ್ಲ. ಬಂಗ್ ತಂಡ ಆ ಹಳ್ಳಿಗಳದೇ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿತು. ಅವರಿಗೆ ರಕ್ತಪರೀಕ್ಷೆ ಇಲ್ಲ, ಪ್ರಯೋಗಾಲಯ ಇಲ್ಲ. ಅಳು ಕ್ಷೀಣವಾಯಿತೆ, ಕೈಕಾಲು ಜೋತು ಬಿದ್ದಿವೆಯೆ, ಮೊಲೆ ಚೀಪುವುದು ಕಡಿಮೆಯಾಯಿತೆ, ಮೈ ತಣ್ಣಗಿದೆಯೆ, ಹೊಕ್ಕುಳಲ್ಲಿ ಕೀವು ಇದೆಯೆ? ಇಂಥ ಲಕ್ಷಣಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಂಜು ಅಂತ ಹಿಡಿಯಬೇಕು. ಮೊದಲು ಆಸ್ಪತ್ರೆಗೆ ಹೋಗಿ ಅನ್ನಬೇಕು. ಮನೆಯವರು ಒಲ್ಲೆ ಅಂದರೆ, ಒಪ್ಪಿಗೆ ಪಡೆದು ಜೆಂಟಾಮೈಸಿನ್ ಇಂಜೆಕ್ಷನ್, ಜೊತೆಗೆ ಕೋ-ಟ್ರೈಮಾಕ್ಸಜೋಲ್ ಸಿರಪ್.

ಹಳ್ಳಿ ಹೆಂಗಸಿನ ಕೈಗೆ ಸೂಜಿ ಕೊಡುವುದಾ ಅಂತ ಆಕ್ಷೇಪ ಬಂತು. ಆ ಅಂಜಿಕೆ ಸುಳ್ಳಲ್ಲ: ಜೆಂಟಾಮೈಸಿನ್ ಪ್ರಮಾಣ ತಪ್ಪಿದರೆ ಮೂತ್ರಪಿಂಡಕ್ಕೆ, ಕಿವಿಗೆ ಪೆಟ್ಟು. ಆದರೆ ಆಕ್ಷೇಪ ಎತ್ತಿದವರು ಬದಲಿಗೆ ಏನು ಕೊಟ್ಟರು ಅಂತ ನನ್ನ ಪ್ರಶ್ನೆ. ಫಲಿತಾಂಶ 1999ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್'ನಲ್ಲಿ ಅಚ್ಚಾಯಿತು. ಮೊದಲು ನಂಜು ತಗುಲಿದ ಕೂಸುಗಳಲ್ಲಿ ಶೇ. 16.6 ಸಾಯುತ್ತಿದ್ದವು, ಮನೆಚಿಕಿತ್ಸೆ ಬಂದ ಮೇಲೆ ಶೇ. 2.8. ಸಾವಿರ ಜನನಕ್ಕೆ 62 ಇದ್ದ ನವಜಾತ ಸಾವು ಮೂರನೆಯ ವರ್ಷಕ್ಕೆ 25.5ಕ್ಕೆ ಇಳಿಯಿತು. ಬಿಸಿಯಾಗಿಡುವುದು, ಎದೆಹಾಲು, ಉಸಿರುಗಟ್ಟಿದ ಕೂಸಿಗೆ ಉಸಿರು ಕೊಡುವುದು ಎಲ್ಲ ಸೇರಿ ಬಂದ ಫಲ ಇದು, ಬರೇ ಸೂಜಿಯದಲ್ಲ ಅನ್ನುವುದನ್ನು ಮರೆಯಬಾರದು.

ಆಮೇಲಿನದನ್ನು ಬೇಗ ಹೇಳ್ತೀನಿ. 2011ರಲ್ಲಿ ಭಾರತ ಸರಕಾರ ಆಶಾ ಕಾರ್ಯಕರ್ತೆಯರ ಮನೆಭೇಟಿ ಜಾರಿಗೆ ತಂದಿತು, ಆದರೆ ಅವರಿಗೆ ಸೂಜಿ ಕೊಡಲಿಲ್ಲ. 2014ರಲ್ಲಿ ವಿಶೇಷ ಸಂದರ್ಭಗಳಲ್ಲಿ ಎಎನ್‌ಎಂ ನರ್ಸುಗಳಿಗೆ ಜೆಂಟಾಮೈಸಿನ್ ಕೊಡುವ ಅನುಮತಿ ಬಂತು. ಕಾಂಗೋ, ಕೀನ್ಯಾ, ನೈಜೀರಿಯಾ, ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಸೇರಿಸಿ ಇಂಜೆಕ್ಷನ್ ಕಡಿಮೆ ಮಾಡಿದರೂ ಫಲ ಹೆಚ್ಚುಕಡಿಮೆ ಒಂದೇ ಅಂತ ಕಂಡಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಸ್ಪತ್ರೆಗೆ ಒಯ್ಯಲಾಗದ ಎರಡು ತಿಂಗಳೊಳಗಿನ ಕೂಸುಗಳಿಗೆ ಇಂಥ ಚಿಕಿತ್ಸೆಯನ್ನು ಒಪ್ಪಿತು. ಪ್ರಜ್ಞೆ ತಪ್ಪಿದ, ಫಿಟ್ಸ್ ಬಂದ ಕೂಸಿಗೆ ಆಸ್ಪತ್ರೆಯೇ ಗತಿ.

ಗುರುಗಳೊಬ್ಬರು ಕೇಳಿದರು: ಈ ಹಳೇ ಔಷಧಿ ಈಗಲೂ ನಡೆಯುತ್ತದೆಯೆ? ದಿಲ್ಲಿಯ ಮೂರು ಆಸ್ಪತ್ರೆಗಳ ಅಧ್ಯಯನ 2016ರಲ್ಲಿ ಬಂದಿದೆ. ಅಲ್ಲಿ ಹೆಚ್ಚಾಗಿ ಸಿಕ್ಕ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ರೋಗಾಣುಗಳು ಅನೇಕ ಔಷಧಿಗಳಿಗೆ ಬಗ್ಗುತ್ತಿರಲಿಲ್ಲ. ಅದು ದೊಡ್ಡ ಆಸ್ಪತ್ರೆಯ ವಾರ್ಡಿನ ಚಿತ್ರ, ಹಳ್ಳಿಮನೆಗೆ ನೇರವಾಗಿ ಹಚ್ಚಲಾಗದು. ಆದರೆ ಹೆರಿಗೆಯೆಲ್ಲ ಆಸ್ಪತ್ರೆಗೆ ಹೋಗಿರುವ ಈ ಕಾಲದಲ್ಲಿ ಅದನ್ನು ದೂರದ ಸುದ್ದಿ ಅನ್ನುವ ಧೈರ್ಯ ನನಗಿಲ್ಲ.

ಕೊನೆಗೆ ನಮ್ಮೂರಿನ ಮಾತು. ನಮ್ಮ ಆಶಾ ಕಾರ್ಯಕರ್ತೆಯ ಪುಸ್ತಕ ಪೂರಾ ಮರಾಠಿಯಲ್ಲಿದೆ, ಮನೆಗಳು ಕನ್ನಡದವು. (ಮರಾಠಿಯಲ್ಲಿ ಆಕೆ 'ಆಶಾ ತಾಈ', ಅಂದರೆ ಅಕ್ಕ. ನಮ್ಮ ಮುದುಕಿಯರು ಅದನ್ನು 'ತಾಯಿ' ಅಂತಲೇ ಕೇಳಿಸಿಕೊಂಡಿದ್ದಾರೆ.) ಪುಸ್ತಕದ ಮಾತಿನಲ್ಲಿ ಕೇಳಿದರೆ ಬಾಣಂತಿಯರು ಸುಮ್ಮನೆ ತಲೆ ಆಡಿಸ್ತಾರಂತೆ. ಹೋದ ರಜೆಯಲ್ಲಿ ಆಕೆಯನ್ನು ಆಯಿಯ ಹತ್ತಿರ ಕರಕೊಂಡು ಹೋದೆ. ಆಯಿ ಹೇಳಿದಳು, ಆಕೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ದೇವನಾಗರಿಯಲ್ಲೇ ಕನ್ನಡ ಬರಕೊಂಡಳು: ಮಲಿ ಹಿಡೀವಲ್ದು. ದನಿ ಇಳದೈತಿ. ತಣ್ಣಗಾಗೈತಿ.