ಕೊಳಚೆಯ ಜಾಡು ಹಿಡಿದು ಹೋದ ಎಂಜಿನಿಯರ್

ಕಲ್ಕತ್ತೆಗೆ ನದಿ ಇರುವುದು ಪಶ್ಚಿಮಕ್ಕೆ, ನೆಲದ ಇಳಿಜಾರು ಇರುವುದು ಪೂರ್ವಕ್ಕೆ. ಹೂಗ್ಲಿಯ ದಂಡೆಯೇ ಊರಿನ ಎತ್ತರದ ಜಾಗ. ಅಲ್ಲಿಂದ ನೆಲ ನಿಧಾನವಾಗಿ ತಗ್ಗುತ್ತ ಪೂರ್ವದ ಉಪ್ಪುನೀರಿನ ಜೌಗಿಗೆ ಇಳಿಯುತ್ತಿತ್ತು. 19ನೇ ಶತಮಾನದಲ್ಲಿ ಬ್ರಿಟಿಷರು ಒಳಚರಂಡಿ ಕಟ್ಟಿದಾಗ ಊರಿನ ಕೊಳಚೆಯನ್ನೆಲ್ಲ ಈ ತಗ್ಗಿನ ಕಡೆಗೇ ತಿರುಗಿಸಿದರು. ವಿದ್ಯಾಧರಿ ನದಿಗೆ ಬಿಟ್ಟರೆ ಅದು ಸಮುದ್ರಕ್ಕೆ ಒಯ್ಯುತ್ತದೆ ಎಂಬ ಲೆಕ್ಕ.

ಲೆಕ್ಕ ತಪ್ಪಿತು. ವಿದ್ಯಾಧರಿ ಹೂಳು ತುಂಬಿ ಬತ್ತತೊಡಗಿತು. 1928ರಲ್ಲಿ ಅದನ್ನು ಸತ್ತ ನದಿ ಎಂದೇ ಘೋಷಿಸಲಾಯಿತು. ಸಮುದ್ರದ ಉಬ್ಬರ ಬರುವುದು ನಿಂತ ಮೇಲೆ ಜೌಗಿನ ಉಪ್ಪು ಕಡಿಮೆಯಾಯಿತು. ಉಪ್ಪುನೀರಿನ ಮೀನು ಸಾಕಿ ಬದುಕುತ್ತಿದ್ದವರಿಗೆ ದಾರಿ ತೋಚದ ಕಾಲ. ಆಗ ಅವರು ಕಣ್ಣೆದುರು ಹರಿಯುತ್ತಿದ್ದ ಊರಿನ ಚರಂಡಿ ನೀರನ್ನೇ ಹೊಂಡಗಳಿಗೆ ಬಿಟ್ಟುಕೊಳ್ಳಲು ಶುರುಮಾಡಿದರು. ಯಾವ ಪುಸ್ತಕವೂ ಹೇಳಿಕೊಡದ ವಿದ್ಯೆ ಅದು. 1940ರ ದಶಕದಲ್ಲಿ ಕೊಳಚೆಯನ್ನು ಇನ್ನೂ ಪೂರ್ವಕ್ಕೆ, ಕುಲ್ಟಿ ನದಿಯವರೆಗೆ ಒಯ್ಯುವ ಕಾಲುವೆ ಬಂತು. ಅದರಿಂದ ಹೊಂಡಗಳಿಗೆ ನೀರು ಹಾಯಿಸುವುದು ಮತ್ತಷ್ಟು ಸಲೀಸಾಯಿತು.

ಇದೆಲ್ಲ ನಡೆದದ್ದು ಊರಿನ ಅಂಚಿನಲ್ಲೇ. ಆದರೂ ಊರಿಗೆ ಅದರ ಅರಿವು ಇರಲಿಲ್ಲ. ಸರ್ಕಾರಿ ಕಣ್ಣಿಗೆ ಆ ನೆಲ ಬರಿ ತಗ್ಗು ಜಾಗ, ತುಂಬಿಸಿದರೆ ಬಡಾವಣೆ. 1960ರ ದಶಕದಲ್ಲಿ ಹೂಗ್ಲಿಯ ಹೂಳನ್ನು ಕೊಳವೆಗಳಲ್ಲಿ ತಂದು ಸುರಿದು ಜೌಗಿನ ಉತ್ತರ ಭಾಗವನ್ನು ಮುಚ್ಚಿದರು. ಇಂದಿನ ಸಾಲ್ಟ್ ಲೇಕ್ ನಗರ ನಿಂತಿರುವುದು ಅದರ ಮೇಲೆ. ಹೆಸರಿನಲ್ಲಿ ಮಾತ್ರ ಕೆರೆ ಉಳಿಯಿತು.

1981ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ತನ್ನ ನೈರ್ಮಲ್ಯ ಎಂಜಿನಿಯರ್ ಧ್ರುಬಜ್ಯೋತಿ ಘೋಷ್ ಅವರಿಗೆ ಒಂದು ಕೆಲಸ ಒಪ್ಪಿಸಿತು. ಊರಿನ ಕೊಳಚೆ ನೀರನ್ನು ಮತ್ತೆ ಬಳಸಲು ಸಾಧ್ಯವೇ ಎಂದು ಅವರು ನೋಡಬೇಕಿತ್ತು. ಕಚೇರಿಯಲ್ಲೇ ಕುಳಿತು ವರದಿ ಬರೆಯಬಹುದಾದ ಕೆಲಸ. ಘೋಷ್ ಹಾಗೆ ಮಾಡದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಕಾಲುವೆಯ ಜಾಡು ಹಿಡಿದು ಪೂರ್ವಕ್ಕೆ ಹೊರಟರು. ಹೋಗಿ ನೋಡಿದರೆ ಅಲ್ಲಿ ನೂರಾರು ಹೊಂಡ, ಹೊಂಡಗಳಲ್ಲಿ ಮೀನು, ಪಕ್ಕದಲ್ಲಿ ಭತ್ತದ ಗದ್ದೆ, ಧಾಪಾದಲ್ಲಿ ಊರಿನ ಕಸದ ಮೇಲೇ ಬೆಳೆದ ಹೂಕೋಸು, ಸೊಪ್ಪು. ಅವರು ಹುಡುಕುತ್ತಿದ್ದ ಉತ್ತರವನ್ನು ಮೀನುಗಾರರು ಐವತ್ತು ವರ್ಷಗಳಿಂದ ನಡೆಸಿಕೊಂಡು ಬರುತ್ತಿದ್ದರು.

ಅದರ ಒಳಗುಟ್ಟು ಇಷ್ಟೇ. ಬಂಗಾಳಿಯಲ್ಲಿ ‘ಭೇಡಿ’ ಎನ್ನುವ ಈ ಹೊಂಡಗಳು ಆಳವಿಲ್ಲದವು, ಹೆಚ್ಚೆಂದರೆ ಎದೆಮಟ್ಟ. ಆದ್ದರಿಂದ ಬಿಸಿಲು ತಳದವರೆಗೂ ಇಳಿಯುತ್ತದೆ. ಮೊದಲು ಹೊಂಡವನ್ನು ಬರಿದು ಮಾಡಿ ಒಣಗಿಸುತ್ತಾರೆ. ಆಮೇಲೆ ಕೊಳಚೆ ಬಿಟ್ಟು, ಕಲಕಿ, ಕೆಲವು ವಾರ ಹಾಗೇ ಇಡುತ್ತಾರೆ. ಬ್ಯಾಕ್ಟೀರಿಯಾಗಳು ಹೊಲಸನ್ನು ಒಡೆಯುತ್ತವೆ. ಅದರ ಸಾರ ಉಂಡು, ಬಿಸಿಲು ಕುಡಿದು ಪಾಚಿ ಬೆಳೆಯುತ್ತದೆ. ಬೆಳೆಯುತ್ತ ನೀರಿಗೆ ಆಮ್ಲಜನಕ ತುಂಬುತ್ತದೆ. ಪಾಚಿ ಮಿತಿಮೀರಿದರೆ ನೀರು ಮತ್ತೆ ಕೆಡುತ್ತದೆ. ಅದನ್ನು ಹದದಲ್ಲಿಡುವುದು ರೋಹು, ಕಾಟ್ಲಾ, ತಿಲಾಪಿಯಾ ಮೀನುಗಳು. ದಂಡೆಗುಂಟ ಬಿಟ್ಟ ಅಂತರಗಂಗೆ ಏರಿ ಕುಸಿಯದಂತೆ ತಡೆಯುತ್ತದೆ, ನೀರಿನಲ್ಲಿರುವ ಲೋಹದ ಅಂಶವನ್ನೂ ಹೀರುತ್ತದೆ. ನೀರಿನ ಬಣ್ಣ, ವಾಸನೆ ನೋಡಿಯೇ ಎಷ್ಟು ಕೊಳಚೆ ಬಿಡಬೇಕೆಂದು ಹೇಳಬಲ್ಲ ಹಿರಿಯರು ಅಲ್ಲಿದ್ದರು. ಬೇರೆ ನಗರಗಳು ಯಂತ್ರ ಹೂಡಿ, ವಿದ್ಯುತ್ ಸುಟ್ಟು ಮಾಡುವ ಕೆಲಸ ಇಲ್ಲಿ ಬಿಸಿಲಿನಲ್ಲಿ ಆಗುತ್ತಿತ್ತು. ಮೇಲೆ ವರ್ಷಕ್ಕೆ ಸುಮಾರು 10 ಸಾವಿರ ಟನ್ ಮೀನು.

ಘೋಷ್ ಎಂಜಿನಿಯರಿಂಗ್ ಓದಿದವರು, ಪರಿಸರ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಆದರೂ ಇಲ್ಲಿ ತಾವು ಕಲಿಸಲು ಬಂದವರಲ್ಲ, ಕಲಿಯಲು ಬಂದವರು ಎಂದು ಅವರಿಗೆ ಬೇಗ ತಿಳಿಯಿತು. ಊರು ತನಗೆ ಬೆಲೆ ಕೊಡದೇ ದಕ್ಕುತ್ತಿರುವ ಸಹಾಯಧನದ ಮೇಲೆ ಬದುಕಿದೆ, ಆ ಸಹಾಯಧನ ಕೊಡುತ್ತಿರುವುದು ಈ ಜೌಗು ಎಂದು ಅವರು ವಾದಿಸಿದರು. ಮುಂದಿನ ಕೆಲಸ ಎರಡು: ಹೆಸರಿಡುವುದು, ನಕಾಶೆ ಬರೆಯುವುದು. ಹೆಸರಿಲ್ಲದ ಜಾಗ ಕಾಗದದಲ್ಲಿ ಖಾಲಿ ಜಾಗ. ಖಾಲಿ ಜಾಗಕ್ಕೆ ಗಿರಾಕಿಗಳು ಬೇಗ ಹುಟ್ಟುತ್ತಾರೆ. ಹೊಂಡ, ಗದ್ದೆ, ಕಸದ ತೋಟ ಮೂರನ್ನೂ ಸೇರಿಸಿ ಒಂದೇ ವ್ಯವಸ್ಥೆಯೆಂದು ತೋರಿಸಿ, ಅದಕ್ಕೆ ಗಡಿ ಎಳೆದು, ‘ಪೂರ್ವ ಕಲ್ಕತ್ತಾ ಜೌಗು ಪ್ರದೇಶ’ ಎಂದು ಕರೆದರು.

ಆ ಗೆರೆಯ ಬೆಲೆ ತಿಳಿದದ್ದು 1992ರಲ್ಲಿ. ಜೌಗಿನ ಒಂದು ಭಾಗದಲ್ಲಿ ವಿಶ್ವ ವ್ಯಾಪಾರ ಕೇಂದ್ರ ಕಟ್ಟುವ ಯೋಜನೆ ಬಂದಾಗ ‘ಪಬ್ಲಿಕ್’ ಎಂಬ ನಾಗರಿಕ ಸಂಘಟನೆ ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಉಮೇಶ್ ಚಂದ್ರ ಬ್ಯಾನರ್ಜಿ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜೌಗಿನ ಭೂಬಳಕೆ ಬದಲಿಸದಂತೆ ಆದೇಶಿಸಿದರು. ಸರ್ಕಾರದ ಸಂಬಳ ತಿನ್ನುತ್ತಿದ್ದ ಎಂಜಿನಿಯರ್ ಬರೆದ ನಕಾಶೆಯೇ ಸರ್ಕಾರದ ಕೈ ಕಟ್ಟಿತ್ತು. 2002ರಲ್ಲಿ 12,500 ಹೆಕ್ಟೇರ್ ಪ್ರದೇಶ ರಾಮ್‌ಸಾರ್ ಪಟ್ಟಿ ಸೇರಿತು. 2006ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂತು.

ಕಥೆ ಇಲ್ಲಿಗೆ ಸುಖಾಂತ್ಯವಾಗಬೇಕಿತ್ತು. ಆದರೆ ಕಾಯ್ದೆ ಕಾಯುವುದು ನೆಲವನ್ನು. ಭೇಡಿ ಬದುಕುವುದು ನೀರು ಮತ್ತು ಮನುಷ್ಯರಿಂದ. ಕಾಲುವೆಗೆ ಹೂಳು ತುಂಬಿ ಕೊಳಚೆ ಸರಿಯಾಗಿ ಬಾರದಿದ್ದರೆ ಮೀನಿಗೆ ಮೇವು ಕೊಂಡು ಹಾಕಬೇಕು. ಆಗ ಲಾಭ ಕರಗುತ್ತದೆ, ಮಕ್ಕಳು ಊರಿನಲ್ಲಿ ಬೇರೆ ಕೆಲಸ ಹುಡುಕುತ್ತಾರೆ. ಬರಿದಾದ ಹೊಂಡಕ್ಕೆ ರಾತ್ರೋರಾತ್ರಿ ಮಣ್ಣು ಬೀಳುತ್ತದೆ. ನೀರಿನ ಬಣ್ಣ ನೋಡಿ ಹದ ಹೇಳುವ ವಿದ್ಯೆಗೆ ಯಾವ ಕಾಯ್ದೆಯೂ ಗಡಿ ಎಳೆದಿಲ್ಲ. ಓದಿದವರು ಓದದವರ ಅರಿವನ್ನು ಅರಿವೆಂದೇ ಒಪ್ಪದಿರುವುದು ಒಂದು ಬಗೆಯ ಅಸ್ಪೃಶ್ಯತೆ ಎಂಬ ನೋವು ಘೋಷ್ ಅವರ ಕೊನೆಗಾಲದ ಬರಹಗಳಲ್ಲಿದೆ.

1990ರಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ 500 ಗೌರವ, 2016ರಲ್ಲಿ ಲುಕ್ ಹಾಫ್‌ಮನ್ ಪ್ರಶಸ್ತಿ ಅವರಿಗೆ ಸಂದವು. 2018ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಈಗಲೂ ಬೆಳಗಿನ ಜಾವ ಭೇಡಿಗಳಿಂದ ಜೀವಂತ ಮೀನು ಅಗಲವಾದ ಪಾತ್ರೆಗಳಲ್ಲಿ ನಗರದ ಮಾರುಕಟ್ಟೆಗೆ ಬರುತ್ತದೆ. ನಗರ ಅದನ್ನು ಚೌಕಾಸಿ ಮಾಡಿ ಕೊಳ್ಳುತ್ತದೆ. ತಾನು ಕಳಿಸಿದ ಕೊಳಚೆಯೇ ಹೀಗೆ ತಿರುಗಿ ಬಂದಿದೆ ಎಂಬುದು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.