ಅಂಕೋಲೇಕರ: ಒಂದು ವಿರಳ ಅಡ್ಡಹೆಸರಿನ ಚರಿತ್ರೆ ಮತ್ತು ಹರಹು

ಊರಿನ ಹೆಸರಿನಿಂದ ಕಟ್ಟಿದ ಅಡ್ಡಹೆಸರು ಆ ಊರಿನೊಳಗೆ ಹುಟ್ಟುವುದಿಲ್ಲ. ಅಂಕೋಲೆಯಲ್ಲಿ ಎಲ್ಲರೂ ಅಂಕೋಲೆಯವರೇ ಆಗಿರುವಾಗ ಒಬ್ಬನನ್ನು ಮಾತ್ರ ‘ಅಂಕೋಲೇಕರ’ ಎಂದು ಕರೆದರೆ ಅವನನ್ನು ಯಾರಿಂದಲೂ ಬೇರ್ಪಡಿಸಿದಂತಾಗುವುದಿಲ್ಲ. ಹೆಸರಿನ ಕೆಲಸವೋ ಬೇರ್ಪಡಿಸುವುದೇ ಆಗಿದೆ. ಆದುದರಿಂದ ಇಂತಹ ಹೆಸರಿನ ಹರಹನ್ನು ನಕ್ಷೆಯ ಮೇಲೆ ಗುರುತಿಸಿದರೆ ಕಾಣುವುದು ಊರಲ್ಲ, ಊರಿನಿಂದ ಹೊರಟ ದಾರಿಗಳು. ಮರಳಿ ಬಂದ ಕುಟುಂಬವೊಂದು ಹೆಸರನ್ನು ಹೊತ್ತು ತರಬಹುದು, ಅದು ಬೇರೆ ಮಾತು. ಈ ಸರಳ ತತ್ತ್ವವನ್ನು ಉತ್ತರ ಕನ್ನಡದ ಅಡ್ಡಹೆಸರುಗಳ ಚರ್ಚೆಯಲ್ಲಿ ನಾವು ಮರೆಯುವುದೇ ಹೆಚ್ಚು. ಹೆಸರಿನ ಕೊನೆಯಲ್ಲಿ ‘-ಕರ’ ಕಂಡೊಡನೆ ಅದನ್ನು ಹೊತ್ತವರ ಮನೆಮಾತು ಮರಾಠಿಯಾಗಿರಬೇಕೆಂಬ ಊಹೆ ನುಸುಳುತ್ತದೆ. ಕಾರವಾರದ ಮೇಲೆ ಮಹಾರಾಷ್ಟ್ರವು ಹಕ್ಕು ಮಂಡಿಸಿ 1966ರಲ್ಲಿ ಮಹಾಜನ ಆಯೋಗದ ನೇಮಕವಾದಂದಿನಿಂದ ಈ ಊಹೆಗೆ ಭಾಷಾಶಾಸ್ತ್ರದ ಆಚೆಗಿನ ತೂಕವೂ ಬಂದಿದೆ. ಅಂಕೋಲೇಕರ ಎಂಬ ಒಂದೇ ಹೆಸರನ್ನು ಹಿಡಿದು ಆ ಊಹೆ ಎಷ್ಟು ದೂರ ನಿಲ್ಲುತ್ತದೆಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಹೆಸರಿನ ರಚನೆಯನ್ನು ನೋಡೋಣ. ಸರಕಾರಿ ಕಾಗದದಲ್ಲಿ ಊರು ‘ಅಂಕೋಲಾ’. ಜನರ ಕನ್ನಡದಲ್ಲಿ ಅದು ‘ಅಂಕೋಲೆ’. ಅದೇ ಹೆಸರಿನ ಗಿಡದಿಂದ ಊರಿಗೆ ಹೆಸರು ಬಂದಿತೆಂಬುದು ರೂಢಿಯ ನಿರುಕ್ತಿ. ಕೊಂಕಣಿಯಲ್ಲಿ ಊರಿನ ಹೆಸರು ಅನುನಾಸಿಕ ಎಕಾರದಿಂದ ಮುಗಿಯುವ ನಪುಂಸಕ ಪದ. ಹೀಗಿರುವಾಗ ಅಡ್ಡಹೆಸರಿನ ನಡುವಿನ ‘ಏ’ ಕನ್ನಡದಿಂದ ಬಂದುದೋ ಕೊಂಕಣಿಯಿಂದ ಬಂದುದೋ? ಈ ಒಂದು ಹೆಸರನ್ನಷ್ಟೇ ನೋಡಿದರೆ ತೀರ್ಮಾನ ಸಾಧ್ಯವಿಲ್ಲ. ಅಕ್ಕಪಕ್ಕದ ಹೆಸರುಗಳನ್ನು ಇಟ್ಟು ನೋಡಿದಾಗ ವಿಷಯ ತಿಳಿಯಾಗುತ್ತದೆ. ಕಾರವಾರ ತಾಲ್ಲೂಕಿನ ಅರ್ಗಾದಿಂದ ಅರ್ಗೇಕರ, ಗೋವೆಯ ವೆರ್ಣಾದಿಂದ ವೆರ್ಣೇಕರ, ಬೆಳಗಾವಿ ಸೀಮೆಯ ಹಲಗಾದಿಂದ ಹಲಗೇಕರ. ಕಾಗದದ ಮೇಲೆ ಇವೆಲ್ಲ ಆಕಾರಾಂತ ಊರುಗಳು. ಅಡ್ಡಹೆಸರಿನಲ್ಲಿ ಎಲ್ಲೆಡೆಯೂ ಏಕಾರ. ಇಕಾರಾಂತ ಊರುಗಳಲ್ಲಿ ಈ ಬದಲಾವಣೆ ಇಲ್ಲ: ಅಸ್ನೋಟಿಯಿಂದ ಅಸ್ನೋಟಿಕರ, ಮಾಜಾಳಿಯಿಂದ ಮಾಜಾಳಿಕರ. ವ್ಯಂಜನಾಂತಗಳಿಗೆ ಪ್ರತ್ಯಯ ನೇರವಾಗಿ ಅಂಟುತ್ತದೆ. ಅಂದರೆ ನಿಯಮವು ಕೊಂಕಣಿ-ಮರಾಠಿ ನಾಮಪದಗಳದು. ಇನ್ನೊಂದು ಸೂಕ್ಷ್ಮವೂ ಇದೆ. ಈ ಭಾಷೆಗಳಲ್ಲಿ ಏಕಾರಾಂತ ನಪುಂಸಕ ಪದಕ್ಕೆ ವಿಭಕ್ತಿ ಹತ್ತುವಾಗ ಪ್ರಕೃತಿಯು ‘-ಯಾ’ ಎಂದು ಬದಲಾಗುತ್ತದೆ: ಪುಣೆ, ಪುಣ್ಯಾತ. ಆದರೆ ಅಡ್ಡಹೆಸರು ‘ಪುಣ್ಯಾಕರ’ ಆಗದೆ ‘ಪುಣೇಕರ’ ಎಂದೇ ಉಳಿಯುತ್ತದೆ. ‘-ಕರ’ ವಿಭಕ್ತಿಯಂತೆ ವರ್ತಿಸದೆ ಸಮಾಸದ ಉತ್ತರಪದದಂತೆ ವರ್ತಿಸುತ್ತದೆಂಬುದಕ್ಕೆ ಇದು ಸಾಕ್ಷಿ.

ಹೀಗೆ ನೋಡಿದರೆ, ಊರಿನ ಮಾತಿನ ರೂಪವನ್ನು ಕಾಗದದ ರೂಪಕ್ಕಿಂತ ಹೆಚ್ಚು ನಿಷ್ಠೆಯಿಂದ ಉಳಿಸಿಕೊಂಡಿರುವುದು ಅಡ್ಡಹೆಸರೇ. ತಾಲ್ಲೂಕು ಕಚೇರಿಯ ಫಲಕದಲ್ಲಿ ‘ಅಂಕೋಲಾ’ ಎಂದು ಬರೆಯುವವರೆಗೂ, ಬರೆದ ಮೇಲೂ, ಜನರ ನಾಲಗೆಯ ಮೇಲಿದ್ದ ಊರು ಅಂಕೋಲೇಕರ ಎಂಬ ಹೆಸರಿನೊಳಗೆ ಹಾಗೆಯೇ ಇದೆ.

ಪ್ರತ್ಯಯದ ಸ್ವರವೂ ಗಮನಾರ್ಹ. ಕೊಂಕಣಿಯ ಆಡುಮಾತಿನಲ್ಲಿ ಗೋವೆಯವನು ‘ಗೋಂಯ್ಕಾರ’. ಅಲ್ಲಿ ಪ್ರತ್ಯಯದ ಸ್ವರ ದೀರ್ಘ. ಅದೇ ಜನ ಬರೆಯುವ ಅಡ್ಡಹೆಸರುಗಳಲ್ಲಿ ಮಾತ್ರ ಹ್ರಸ್ವ ‘-ಕರ’. ಸಾಮಾನ್ಯ ನಾಮದಲ್ಲಿ ಕೊಂಕಣಿಯ ರೂಪ, ಅಡ್ಡಹೆಸರಿನಲ್ಲಿ ಮರಾಠಿಯ ರೂಪ ಎಂಬ ಈ ಒಡಕನ್ನು ವಿವರಿಸಲು ಆಡಳಿತದ ಚರಿತ್ರೆಯ ಕಡೆಗೆ ತಿರುಗಬೇಕಾಗುತ್ತದೆ.

ಟಿಪ್ಪುವಿನ ಪತನದ ನಂತರ 1799ರಲ್ಲಿ ಕಂಪನಿಯ ವಶವಾದ ಕೆನರಾ ಮದರಾಸಿನ ಅಧೀನದಲ್ಲಿತ್ತು. ಜಿಲ್ಲೆ ಎರಡಾಗಿ, ಉತ್ತರ ಭಾಗವು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಹತ್ತಿ ಸಾಗಣೆಗೆ ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆ ಆ ವರ್ಗಾವಣೆಯ ಹಿಂದಿತ್ತು. ರೈಲು ಮುರ್ಮಗೋವಿಗೆ ಹೋದ ಮೇಲೆ ಆ ಆಸೆ ಕಮರಿತು. ಆದರೆ ಮುಂಬಯಿಯ ನಂಟು ಉಳಿಯಿತು. ಶಾಲೆ, ನ್ಯಾಯಾಲಯ, ಉಗಿಹಡಗು, ನೌಕರಿ ಎಲ್ಲವೂ ಉತ್ತರದ ಕಡೆಗೆ ಮುಖ ಮಾಡಿದವು. ಆ ಆಧಿಪತ್ಯದ ದಾಖಲೆಗಳಲ್ಲಿ ಹೆಸರು ಬರೆಯುವ ಕ್ರಮ ಒಂದೇ ಬಗೆಯದು: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಆ ಮೂರನೆಯ ಮನೆಯನ್ನು ಖಾಲಿ ಬಿಡುವಂತಿಲ್ಲ. (ಕನ್ನಡದ ‘ಅಡ್ಡಹೆಸರು’ ಮತ್ತು ಮರಾಠಿಯ ‘ಆಡನಾವ’ ಒಂದೇ ಅಚ್ಚಿನ ಪದಗಳೆಂಬುದನ್ನು ಇಲ್ಲಿ ನೆನೆಯಬಹುದು, ಹಳೆಯ ಮೈಸೂರಿನ ಕಡೆಯ ಓದುಗರಿಗೆ ಅಡ್ಡಹೆಸರೆಂದರೆ ಗೇಲಿಯ ಹೆಸರು, ಧಾರವಾಡ-ಕಾರವಾರಗಳ ಕಡೆ ಅದು ಮನೆತನದ ಹೆಸರು.)

ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿಯಿತು. ಅಲ್ಲಿ ಊರಿನ ಹೆಸರು ವ್ಯಕ್ತಿಯ ಹೆಸರಿನ ಮುಂದೆ ನಿಲ್ಲುತ್ತಿತ್ತು, ಎಷ್ಟೋ ಸಲ ಒಂದೇ ಅಕ್ಷರವಾಗಿ. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರ ಹೆಸರಿನಲ್ಲಿ ಬೆನೆಗಲ್ ಮೊದಲಿಗಿದೆ. ಚಿತ್ರನಿರ್ದೇಶಕ ಶ್ಯಾಮ್ ಬೆನೆಗಲ್ ಅವರ ಹೆಸರಿನಲ್ಲಿ ಅದೇ ಪದ ಕೊನೆಗೆ ಬಂದಿದೆ. ಎರಡರಲ್ಲಿಯೂ ಪ್ರತ್ಯಯವಿಲ್ಲ. ಇದಕ್ಕೆ ಎದುರಾಗಿ, 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿ 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ ನಾರಾಯಣ ಗಣೇಶ ಚಂದಾವರಕರರ ಹೆಸರು ಅಚ್ಚುಕಟ್ಟಾಗಿ ಮುಂಬಯಿಯ ಮೂರು ಮನೆಗಳನ್ನು ತುಂಬುತ್ತದೆ. ಚಂದಾವರ ಎಂಬ ಊರಿಗೆ ‘-ಕರ’ ಹತ್ತಿದೆ. ಒಂದೇ ಸಾರಸ್ವತ ಸಮಾಜ, ಒಂದೇ ಮನೆಮಾತು. ಎರಡು ಆಡಳಿತ, ಎರಡು ರೂಪ. ಇದನ್ನು ಗೆರೆ ಎಳೆದ ಗಡಿಯೆಂದು ಹೇಳಲಾರೆ, ಒಲವೆಂದು ಮಾತ್ರ ಹೇಳುತ್ತೇನೆ. ಭಟ್ಕಳ ತಾಲ್ಲೂಕಿನ ಕೈಕಿಣಿಯಿಂದ ಬಂದ ಹೆಸರನ್ನು ಗೋಕರ್ಣದ ಗೌರೀಶ ಕಾಯ್ಕಿಣಿಯವರು ಪ್ರತ್ಯಯವಿಲ್ಲದೆಯೇ ಬರೆದರು, ಅದೂ ಮುಂಬಯಿ ಆಧಿಪತ್ಯದ ನೆಲದಲ್ಲಿ.

ಅಂಕೋಲೆಯ ವಿಷಯದಲ್ಲಿ ಎರಡು ರೂಪಗಳೂ ಚಾಲ್ತಿಯಲ್ಲಿವೆ ಎಂಬುದಕ್ಕೆ ಕ್ರಿಕೆಟ್ ಮೈದಾನವೇ ಸಾಕ್ಷಿ. 1989ರಲ್ಲಿ ಕರಾಚಿಯಲ್ಲಿ, ಸಚಿನ್ ತೆಂಡೂಲ್ಕರ್ ಆಡಿದ ಮೊದಲ ಟೆಸ್ಟಿನಲ್ಲಿಯೇ, ತನ್ನ ಏಕೈಕ ಟೆಸ್ಟ್ ಆಡಿದ ವೇಗದ ಬೌಲರ್ ಸಲೀಲ್ ಅಂಕೋಲಾ, ಹುಟ್ಟೂರು ಸೋಲಾಪುರ. ಮುಂಬಯಿಯ ಎಡಗೈ ಸ್ಪಿನ್ನರ್ ಅಥರ್ವ ಅಂಕೋಲೇಕರ್ 2019ರಲ್ಲಿ 19 ವರ್ಷದೊಳಗಿನವರ ಏಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿ 5 ವಿಕೆಟ್ ಪಡೆದು ಹೆಸರಾದವರು. ಒಂದು ಹೆಸರಿನೊಳಗೆ ಕಾಗದದ ಅಂಕೋಲಾ, ಇನ್ನೊಂದರೊಳಗೆ ಮಾತಿನ ಅಂಕೋಲೆ. ಇಬ್ಬರ ಕುಟುಂಬಗಳ ವೃತ್ತಾಂತ ನಮಗೆ ಇಲ್ಲಿ ಬೇಡ. ಹೆಸರುಗಳು ಸೋಲಾಪುರ ಮತ್ತು ಮುಂಬಯಿಗಳಲ್ಲಿ ಕಾಣಿಸಿಕೊಂಡವೆಂಬುದು ಮಾತ್ರ ಸಾಕು.

ಹಾಗಾದರೆ ಅಂಕೋಲೆಯೊಳಗಿನ ಹೆಸರುಗಳು ಯಾವುವು? ನಾಯಕ, ಗೌಡ, ನಾಯ್ಕ, ಹರಿಕಂತ್ರ, ಆಗೇರ, ಶೆಟ್ಟಿ, ಗಾಂವಕರ. ಇವು ಸಮುದಾಯವನ್ನೋ ಅಧಿಕಾರವನ್ನೋ ಕಸುಬನ್ನೋ ಹೇಳುತ್ತವೆ, ಊರನ್ನು ಹೇಳುವುದಿಲ್ಲ. ಪೇಟೆಯ ಚಿನ್ನಬೆಳ್ಳಿಯ ಅಂಗಡಿಗಳ ಕಡೆಗೆ ಹೋದರೆ ವೆರ್ಣೇಕರ, ರಾಯ್ಕರ ಎಂಬಂಥ ಹೆಸರುಗಳು ಎದುರಾಗುತ್ತವೆ. ಅವುಗಳೊಳಗಿನ ಊರುಗಳು ಗೋವೆಯ ಸಾಸಷ್ಟಿಯ ವೆರ್ಣಾ ಮತ್ತು ರಾಯ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಒತ್ತಡಕ್ಕೆ ಸಿಲುಕಿ ದೇವರುಗಳೂ ಜನರೂ ಅಲ್ಲಿಂದ ಕದಲಿದರು. ವೆರ್ಣಾದ ಮ್ಹಾಳಸೆ ಮಾರ್ದೋಳಕ್ಕೆ ಹೋದಳು, ಎಷ್ಟೋ ಮನೆತನಗಳು ದಕ್ಷಿಣಕ್ಕೆ ಬಂದವು. ಅಂಕೋಲೆಯಲ್ಲಿ ವೆರ್ಣೆ ಉಳಿದಿದೆ, ಮುಂಬಯಿಯಲ್ಲಿ ಅಂಕೋಲೆ.

ಗಾಂವಕರ ಎಂಬ ಹೆಸರನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ‘ಗಾಂವ’ ಎಂದರೆ ಊರು, ಪ್ರತ್ಯಯ ಅದೇ. ಗೋವೆ-ಕಾರವಾರಗಳ ಕಡೆ ಗಾಂವಕರನೆಂದರೆ ಊರಿನ ಮೂಲ ಹಕ್ಕುದಾರ, ಊರಿನ ಹಿರಿಯ. ಊರು ಬಿಟ್ಟವನಲ್ಲ, ಊರೇ ಅವನದು. ಅದಕ್ಕೇ ಯಾವ ಊರೆಂದು ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಅಂಕೋಲೇಕರನು ಊರಿನ ಹೆಸರನ್ನು ಹೇಳಲೇಬೇಕು, ಏಕೆಂದರೆ ಅವನಿರುವುದು ಬೇರೆ ಊರಿನಲ್ಲಿ. ಒಂದೇ ಪ್ರತ್ಯಯವು ಒಳಗಿನವನಿಗೂ ಹೊರಗಿನವನಿಗೂ ಹೆಸರು ಕೊಟ್ಟಿದೆ. ‘-ಕರ’ದ ಅರ್ಥವನ್ನು ‘ಇಂಥ ಊರಿನಿಂದ ಬಂದವನು’ ಎಂದು ಕೊಡುವ ರೂಢಿ ಹೀಗಾಗಿ ಅಪೂರ್ಣ. ‘ಇಂಥದಕ್ಕೆ ಸೇರಿದವನು’ ಎನ್ನುವುದು ಸರಿ. ‘ಬಂದವನು’ ಎಂಬ ಅರ್ಥವು ಪ್ರತ್ಯಯದಿಂದಲ್ಲ, ಹೆಸರು ಹುಟ್ಟಿದ ಸ್ಥಳದಿಂದ ಬಂದುದು.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಬಹುದು. ಎಷ್ಟು ದೂರದಲ್ಲಿ ಹೆಸರು ಹುಟ್ಟುತ್ತದೆ ಎಂಬುದು ಊರಿನ ಖ್ಯಾತಿಯನ್ನು ಅವಲಂಬಿಸುತ್ತದೆ. ಕೇಳುವವನಿಗೆ ಊರು ಗೊತ್ತಿರಬೇಕು. ಕಾಳಿ ನದಿಯ ಉತ್ತರದ ಅಸ್ನೋಟಿಯೆಂದರೆ ಕಾರವಾರದಲ್ಲಿ ಎಲ್ಲರಿಗೂ ಗೊತ್ತು. ಕಾರವಾರದ ಶಾಸಕರಾಗಿದ್ದ ವಸಂತ ಅಸ್ನೋಟಿಕರ ಅವರ ಹೆಸರನ್ನು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂಬಯಿಯ ಚಾಳಿನಲ್ಲಿ ಅಸ್ನೋಟಿಯಿಂದ ಪ್ರಯೋಜನವಿಲ್ಲ, ಅಂಕೋಲೆಯಿಂದ ಇದೆ. ಅದು ತಾಲ್ಲೂಕು ಸ್ಥಳ, 1930ರ ಉಪ್ಪಿನ ಸತ್ಯಾಗ್ರಹದಿಂದ ದೂರದವರೆಗೂ ಹೆಸರಾದ ಊರು. ಈ ಮಾತಿಗೆ ಒಳ್ಳೆಯ ನಿದರ್ಶನ ಉತ್ತರ ಕನ್ನಡದಲ್ಲಲ್ಲ, ಧಾರವಾಡ ಸೀಮೆಯಲ್ಲಿ ಸಿಗುತ್ತದೆ. ಪ್ರಭಾತ್ ಕಂಪನಿಯ 1939ರ ‘ಮಾಣೂಸ್’ ಚಿತ್ರದ ನಾಯಕಿ ಶಾಂತಾ ಹುಬ್ಳೀಕರ ಹುಟ್ಟಿದ್ದು ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ. ಪುಣೆಯ ಪರದೆಯ ಮೇಲೆ ಅದರಗುಂಚಿಗೆ ಅರ್ಥವಿರಲಿಲ್ಲ, ಹುಬ್ಬಳ್ಳಿಗೆ ಇತ್ತು. ಅವರು ಕನ್ನಡ ನೆಲದ ಹೆಣ್ಣುಮಗಳು. ‘-ಕರ’ವು ಮನೆಮಾತಿನ ಗುರುತಲ್ಲವೆಂಬುದಕ್ಕೂ ಅವರ ಹೆಸರೇ ಸಾಕು. ಕೈಕಿಣಿ, ನಿಲೇಕಣಿಗಳಂಥ ಚಿಕ್ಕ ಊರುಗಳು ದೂರದವರೆಗೆ ಅಡ್ಡಹೆಸರಾಗಿ ಹೋದುದು ಈ ನಿಯಮಕ್ಕೆ ವಿರುದ್ಧವೆನಿಸಬಹುದು. ಆದರೆ ಅಲ್ಲಿ ಕೇಳುವವರೇ ಬೇರೆ. ಮಠ, ಮದುವೆ, ಬಂಧುತ್ವಗಳ ಬಲೆಯೊಳಗೆ ಚಿಕ್ಕ ಊರೂ ಎಲ್ಲರಿಗೂ ಪರಿಚಿತ. ಮುಂಬಯಿಯಲ್ಲಿ 1911ರಲ್ಲಿ ಕೆನರಾ ಸಾರಸ್ವತ ಸಂಘವನ್ನು ಕಟ್ಟಿಕೊಂಡ ಸಮಾಜಕ್ಕೆ ತನ್ನ ಹಳ್ಳಿಗಳ ಪಟ್ಟಿ ಬಾಯಿಪಾಠವಾಗಿತ್ತು.

ಇಂಗ್ಲೆಂಡಿನಲ್ಲಿ ಇಂತಹ ವಿಚಾರಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಹೆನ್ರಿ ಗಪ್ಪಿ 1890ರಲ್ಲಿ ಪ್ರಕಟಿಸಿದ ಕುಟುಂಬನಾಮಗಳ ನೆಲೆಗಳ ಕುರಿತ ಗ್ರಂಥಕ್ಕೆ ಊರು ಬಿಡದ ರೈತರ ಹೆಸರುಗಳನ್ನೇ ಆಧಾರ ಮಾಡಿಕೊಂಡರು: ಕದಲದವರ ಹೆಸರು ಎಲ್ಲಿ ದಟ್ಟವಾಗಿದೆಯೋ ಅದೇ ಹೆಸರಿನ ತವರು ಎಂಬ ತರ್ಕ. ಅಲ್ಲಿ ಅದು ಫಲ ಕೊಟ್ಟಿತು. ಬಹುಪಾಲು ಇಂಗ್ಲಿಷ್ ಹೆಸರುಗಳು ಮಧ್ಯಯುಗದಲ್ಲಿಯೇ ನೆಲೆಗೊಂಡು, ಆಮೇಲಿನ ತಲೆಮಾರುಗಳು ಹೆಸರು ಹುಟ್ಟಿದ ಸುತ್ತಳತೆಯಲ್ಲಿಯೇ ಬೇಸಾಯ ಮಾಡಿಕೊಂಡಿದ್ದವು. ಕಾರವಾರ-ಅಂಕೋಲೆಗಳಲ್ಲಿ ಅದೇ ವಿಧಾನವನ್ನು ಹಿಡಿದರೆ ಊರು ಬಿಡದ ರೈತರಲ್ಲಿ ಸಿಗುವುದು ಗೌಡ ಮತ್ತು ನಾಯಕ, ಅಂಕೋಲೇಕರ ಸಿಗುವುದಿಲ್ಲ. ಗಪ್ಪಿಯ ನಕ್ಷೆಯನ್ನು ಇಲ್ಲಿ ತಿರುವಿ ಹಾಕಿ ಓದಬೇಕು.

ವಿರಳ ಹೆಸರಿನ ಹರಹನ್ನು ಅಳೆಯುವಾಗ ಇನ್ನೊಂದು ತೊಡಕು ಸಮರೂಪಗಳದು. ವಿದರ್ಭದಲ್ಲಿ ಅಕೋಲಾ ಇದೆ, ಅಹಮದನಗರದ ಕಡೆ ಅಕೋಲೆ ಇದೆ. ಒಂದು ಬಿಂದು ಬಿಟ್ಟುಹೋದರೆ ಅಂಕೋಲೆಯವರು ಅಲ್ಲಿಯವರಾಗುತ್ತಾರೆ. ಚಿಕ್ಕೋಡಿಯ ಕಡೆ ಅಂಕಲಿ ಇದೆ; ಅಂಕಲಿಯಿಂದ ಅಂಕಲೀಕರ. ವಿಜಯಪುರದಲ್ಲಿ ಜನಿಸಿದ ಗಾಯಕಿ ಆರತಿ ಅಂಕಲೀಕರ ಅವರ ಹೆಸರು ಈ ರೂಪದ್ದು. ರೋಮನ್ ಲಿಪಿಯಲ್ಲಿ ಎರಡೇ ಸ್ವರಾಕ್ಷರಗಳ ಅಂತರ, ಗುಮಾಸ್ತೆಯ ಒಂದು ಅಜಾಗರೂಕತೆ ಸಾಕು. ಕುಮಟೆಯದು ಇನ್ನೂ ಕಷ್ಟದ ಸ್ಥಿತಿ: ಮಹಾರಾಷ್ಟ್ರದಲ್ಲಿ ಕುಮಠೆ ಎಂಬ ಊರುಗಳು ಒಂದಕ್ಕಿಂತ ಹೆಚ್ಚಿರುವುದರಿಂದ ಪುಣೆಯ ಕುಮಠೇಕರ ರಸ್ತೆಯನ್ನು ನಮ್ಮ ಕುಮಟೆಗೆ ಜೋಡಿಸಲು ಹೆಸರೊಂದೇ ಆಧಾರವಾಗದು. ಹೆಸರು ಒಂದೇ ಆದವರೆಲ್ಲ ಒಂದೇ ಕುಲದವರೆಂಬ ನಂಬಿಕೆಯೂ ಅಷ್ಟೇ ದುರ್ಬಲ. ಅಂಕೋಲೆಯಿಂದ ಬೇರೆ ಬೇರೆ ಕಾಲದಲ್ಲಿ ಹೊರಟ ಬೇರೆ ಬೇರೆ ಜಾತಿಯ ಕುಟುಂಬಗಳಿಗೆ ಅದೇ ಪ್ರಶ್ನೆ, ‘ಯಾವೂರು?’, ಅದೇ ಉತ್ತರವನ್ನು ಕೊಡಿಸಬಲ್ಲುದು.

ಕನ್ನಡ ಲಿಪಿಯಲ್ಲಿ ಈ ಹೆಸರನ್ನು ಬರೆಯುವ ಬಗೆಗಳೂ ಒಂದು ಸಣ್ಣ ಚರಿತ್ರೆ. ನಾಗರಿಯಲ್ಲಿ ಹ್ರಸ್ವ ದೀರ್ಘ ಎಕಾರಗಳ ಭೇದವಿಲ್ಲ. ಕನ್ನಡದಲ್ಲಿ ಬರೆಯುವವನು ಅಂಕೋಲೆಕರ, ಅಂಕೋಲೇಕರಗಳಲ್ಲಿ ಒಂದನ್ನು ಆರಿಸಲೇಬೇಕು. ಕೊನೆಯ ಅಕ್ಷರವೂ ಹಾಗೆಯೇ. ಧಾರವಾಡ-ಕಾರವಾರಗಳ ಹಳೆಯ ರೂಢಿ ಅಕಾರಾಂತ ‘ಕರ’. ಅದು ನಾಗರಿಯ ಅಕ್ಷರಗಳನ್ನು ಹಾಗೆಯೇ ಇಳಿಸಿಕೊಂಡದ್ದು. ಬೆಂಗಳೂರಿನ ಪತ್ರಿಕೆಗಳ ‘ಕರ್’ ಕಿವಿಯಿಂದಲೋ ಇಂಗ್ಲಿಷ್ ಕಾಗುಣಿತದಿಂದಲೋ ಬಂದುದು. ನಾನು ಈ ಬರಹದ ಶೀರ್ಷಿಕೆಯಲ್ಲಿ ಉತ್ತರದ ರೂಢಿಯನ್ನು ಹಿಡಿದಿದ್ದೇನೆ. ಕ್ರಿಕೆಟಿಗನ ಹೆಸರನ್ನು ಪತ್ರಿಕೆಗಳಲ್ಲಿ ಬಂದಂತೆ ಬಿಟ್ಟಿದ್ದೇನೆ.

ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. ಕಾರವಾರ ಕರ್ನಾಟಕದಲ್ಲಿಯೇ ಉಳಿಯಿತು. ಕೊಂಕಣಿಯು ಸ್ವತಂತ್ರ ಭಾಷೆಯೆಂದು ಸಾಹಿತ್ಯ ಅಕಾಡೆಮಿ ಒಪ್ಪಿದ್ದು 1975ರಲ್ಲಿ, ಅದು ಎಂಟನೆಯ ಅನುಸೂಚಿಗೆ ಸೇರಿದ್ದು 1992ರಲ್ಲಿ. ಅಂದರೆ ‘-ಕರ’ ಹೆಸರುಗಳನ್ನು ಮರಾಠಿಯ ಲೆಕ್ಕಕ್ಕೆ ಹಾಕುತ್ತಿದ್ದ ಕಾಲದಲ್ಲಿ ಅವುಗಳ ಪ್ರಕೃತಿಯೊಳಗಿನ ಕೊಂಕಣಿಗೆ ಬೇರೆ ಲೆಕ್ಕವೇ ಇರಲಿಲ್ಲ. ಅಂಕೋಲೇಕರ ಎಂಬ ಹೆಸರಿನಲ್ಲಿ ರೂಢಿಯ ನಿರುಕ್ತಿಯಂತೆ ಗಿಡದ ಹೆಸರು, ಕೊಂಕಣಿಯ ರೂಪನಿಯಮ, ಮರಾಠಿ ದಾಖಲೆಯ ಹ್ರಸ್ವ ಪ್ರತ್ಯಯ ಇವು ಮೂರೂ ಇವೆ. ಇವುಗಳಲ್ಲಿ ಒಂದನ್ನು ಹಿಡಿದು ಮನೆಮಾತನ್ನು ನಿರ್ಧರಿಸಲು ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ.

ಅಂಕೋಲೆಯಾದರೂ ಇದ್ದಲ್ಲಿಯೇ ಇದೆ. ಕಾರವಾರ ಮತ್ತು ಅಂಕೋಲೆಗಳ ನಡುವಿನ ಕಡಲಂಚಿನಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡುವ ಹೊತ್ತಿಗೆ ಅರ್ಗಾ ಮತ್ತು ನೆರೆಯ ಹಳ್ಳಿಗಳ ನೆಲ ಬೇಲಿಯ ಒಳಗಾಗಿತ್ತು, ಜನ ಪುನರ್ವಸತಿ ಕಾಲೊನಿಗಳಿಗೆ ಹೋಗಿದ್ದರು. ಅರ್ಗೇಕರ ಎಂಬ ಹೆಸರು ಅದಕ್ಕೂ ಮೊದಲಿನದು. ಹತ್ತಾರು ಕಿಲೊಮೀಟರಿನೊಳಗೆ ಅಲೆದಾಡುತ್ತಿದ್ದ, ಚಿಕ್ಕ ಊರಿನ ಚಿಕ್ಕ ಸುತ್ತಳತೆಯ ಹೆಸರು. ಕಾಲೊನಿಯಲ್ಲಿ ಈಗ ‘ಯಾವೂರು?’ ಎಂದು ಕೇಳಿದರೆ ಅರ್ಗಾದಿಂದ ಬಂದ ನಾಯ್ಕರೂ ಗೌಡರೂ ಕೊಡುವ ಉತ್ತರ ಅದೇ ಊರು. ಅವರ ಮಕ್ಕಳ ಶಾಲಾ ದಾಖಲೆಯಲ್ಲಿ ಆ ಉತ್ತರ ಅಡ್ಡಹೆಸರಿನ ಮನೆಗೆ ಬರುತ್ತದೆಯೇ, ವಿಳಾಸದ ಮನೆಯಲ್ಲಿಯೇ ಅಳಿಸಿಹೋಗುತ್ತದೆಯೇ ಎಂಬುದನ್ನು ಗುರುತಿಸಿಕೊಳ್ಳಲು ಇದೇ ತಕ್ಕ ಕಾಲ. ಊರಿನಲ್ಲಿ ಹುಟ್ಟಿ ಬೆಳೆದ ತಲೆಮಾರು ಇನ್ನೂ ಮಾತನಾಡುತ್ತಿದೆ.