ಕೃತಕ ಕಾಲಿಗೆ ಬಾರ್‌ಕೋಡ್: ಎಲ್ಲಿ ಹಾಕುವುದು?

ಬೆಂಗಳೂರಿನ ಶಿವಾಜಿನಗರದ ಸರ್ಜಿಕಲ್ ಅಂಗಡಿಯಲ್ಲಿ ಸೊಂಟದ ಬೆಲ್ಟೋ ಕುತ್ತಿಗೆಯ ಕಾಲರೋ ಕೊಂಡರೆ ಡಬ್ಬದ ಮೇಲೆ 890ರಿಂದ ಶುರುವಾಗುವ 13 ಅಂಕಿಗಳ ಬಾರ್‌ಕೋಡ್ ಇರುವುದು ಸಾಮಾನ್ಯ. 890 ಇದ್ದರೆ ಸರಕು ಭಾರತದಲ್ಲೇ ತಯಾರಾದದ್ದು ಎಂಬ ನಂಬಿಕೆ ತಪ್ಪು. ಕಂಪನಿ ಬಾರ್‌ಕೋಡ್ ಸಂಖ್ಯೆ ಹಂಚುವ ಜಿಎಸ್1 ಇಂಡಿಯಾದಿಂದ ಸಂಖ್ಯೆ ಪಡೆದಿದೆ ಎಂದಷ್ಟೇ ಅದರ ಅರ್ಥ. ಒಂದೇ ಅಳತೆಯ ಸಾವಿರ ಬೆಲ್ಟುಗಳಿಗೂ ಒಂದೇ ಸಂಖ್ಯೆ. ಬಿಲ್ಲು, ದಾಸ್ತಾನುಗಳಿಗೆ ಅದು ಸಾಕು.

ಕೃತಕ ಕಾಲಿನ ಮಾತು ಬೇರೆ. ಅದರ ಪಾದ, ಕೊಳವೆ, ಮಂಡಿ ಕಾರ್ಖಾನೆಯ ಸರಕು. ಮೊಂಡುಗಾಲು ಕೂರುವ ಸಾಕೆಟ್ ಮಾತ್ರ ಒಬ್ಬರ ಕಾಲಿಗೇ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಉಜ್ಜಿ ತಿದ್ದಿ ಮಾಡಿದ್ದು. ಅಂಥದ್ದು ಇನ್ನೊಂದಿಲ್ಲ. ಹಾಗಾಗಿ ಸಾಕೆಟ್ಟಿಗೆ ಬೇಕಾದದ್ದು ಮಾದರಿಯ ಸಂಖ್ಯೆಯಲ್ಲ, ಬಿಡಿ ಕ್ರಮಸಂಖ್ಯೆ. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮಗಳ 46ನೆಯ ನಿಯಮ ಸಾಧನದ ಗುರುತನ್ನೂ ಉತ್ಪಾದನೆಯ ಗುರುತನ್ನೂ ಕೇಳುತ್ತದೆ. ಅದರ 2022ರ ಜನವರಿ 1ರ ಗಡುವನ್ನು ಆಮೇಲೆ ಮುಂದೂಡಲಾಯಿತು. ಅಮೆರಿಕದ 2013ರ ನಿಯಮವಂತೂ ಒಬ್ಬರಿಗೆಂದೇ ಮಾಡಿದ ಸಾಧನಕ್ಕೆ ವಿನಾಯಿತಿಯನ್ನೇ ಕೊಟ್ಟಿದೆ. ಗುರುತು ಹೆಚ್ಚು ಬೇಕಾದಲ್ಲೇ ವಿನಾಯಿತಿ!

ಇನ್ನು ಕೋಡ್ ಎಲ್ಲಿ ಹಾಕುವುದು? ಡಬ್ಬ ಅಂದೇ ಕಸಕ್ಕೆ ಹೋಗುತ್ತದೆ. ಮೇಲೆ ಅಂಟಿಸಿದ ಚೀಟಿ ಬೆವರಿಗೆ ಏಳುತ್ತದೆ. ರೆಸಿನ್ ಸಾಕೆಟ್ ಆದರೆ ಉಪಾಯವಿದೆ: ಅಚ್ಚಿಗೆ ತೊಡಿಸುವ ಕಾಲುಚೀಲದಂಥ ಬಟ್ಟೆಯ ಕೊನೆಯ ಪದರದಡಿ ಕೋಡ್ ಮುದ್ರಿಸಿದ ತುಂಡನ್ನಿಟ್ಟು ರೆಸಿನ್ ಎಳೆದರೆ ಅದು ಗೋಡೆಯೊಳಗೇ ಉಳಿಯುತ್ತದೆ. ಗೆರೆಗಳ ಕೋಡ್ ದುಂಡು ಮೈಮೇಲೆ ಬಾಗಿ ಓದಲು ಕಾಡಬಹುದು; ಚೌಕದ ಡೇಟಾಮ್ಯಾಟ್ರಿಕ್ಸ್ ಮೇಲು. ಪಾಲಿಪ್ರೊಪಿಲೀನ್ ಸಾಕೆಟ್ಟಿಗೆ ಅಂಟು ಸರಿಯಾಗಿ ಕೂರದು, ಕೊರೆಯಬೇಕು.

ಕೋಡಿನಲ್ಲಿ ಬಳಸುವವರ ಹೆಸರಾಗಲಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಸಂಖ್ಯೆಯಾಗಲಿ ಇರಕೂಡದು ಎಂಬುದು ನನ್ನ ನಿಲುವು. ಬಸ್ಸಿನಲ್ಲಿ ಪಕ್ಕದವರ ಮೊಬೈಲಿಗೆ ಅದು ಸಿಗಬಾರದು. ಹೆಸರು ಕಡತದಲ್ಲಿರಲಿ. ಆದರೆ ಯಾರ ಕಡತ? ಶಸ್ತ್ರಚಿಕಿತ್ಸೆ ಬೌರಿಂಗ್ ಆಸ್ಪತ್ರೆಯಲ್ಲಿ, ಮುಂದಿನ ನೆರವು 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಲಿಂಗರಾಜಪುರದ ಅಂಗವಿಕಲರ ಸಂಸ್ಥೆ ಎಪಿಡಿಯಲ್ಲಿ, ರಿಪೇರಿ ಕೆ.ಆರ್. ಪುರದ ಮನೆ ಹತ್ತಿರ ಎಂದಾದರೆ ಒಂದೇ ಕಾಲಿಗೆ ಮೂರು ರಿಜಿಸ್ಟರು.

ಕಾಲೂ ಒಂದೇ ಆಗಿ ಉಳಿಯುವುದಿಲ್ಲ: ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳುಗಳಲ್ಲಿ ಮೊಂಡುಗಾಲು ಸೊರಗುತ್ತದೆ. ಒಂದರ ಮೇಲೊಂದು ಕಾಲುಚೀಲ ಹಾಕಿಕೊಂಡು ಸುಧಾರಿಸಿ, ಕೊನೆಗೆ ಸಾಕೆಟ್ ಬದಲಾಯಿಸುತ್ತಾರೆ. ಹಳೆಯ ಪಾದವೇ ಹೊಸ ಸಾಕೆಟ್ಟಿಗೆ ಕೂರುತ್ತದೆ. ಎರಡಕ್ಕೂ ಬೇರೆ ಬೇರೆ ಕೋಡ್ ಇದ್ದು, ಅವೆರಡೂ ಜೋಡಿಯಾದ ದಿನ ದಾಖಲಾಗಬೇಕು. ಆಗ ಸ್ಕ್ಯಾನರ್ ಇರಬೇಕಾದದ್ದು ಆಫೀಸಿನ ಮೇಜಿನ ಮೇಲಲ್ಲ, ಕೈಯೆಲ್ಲ ಪ್ಲಾಸ್ಟರ್ ಆಗಿರುವ ತಂತ್ರಜ್ಞನ ಪಕ್ಕದಲ್ಲಿ.